ಬ್ಯಾಕ್ಟೀರಿಯಾ ಕಾಂಕ್ರೀಟ್: ಮೊದಲು ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಬ್ಯಾಕ್ಟೀರಿಯಾ ಕಾಂಕ್ರೀಟ್ ಮುಂಬಯಿಯ ಹಳೆಯ ಕಟ್ಟಡಗಳಿಗೆ ಮದ್ದಲ್ಲ. ಬಿರುಕಿಗೆ ನೀರಿಳಿದಾಗ, ಕಾಂಕ್ರೀಟಿಗೆ ಬೆರೆಸಿದ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಸುಪ್ತ ಬೀಜಾಣುಗಳು ಎಚ್ಚೆತ್ತು, ಆಹಾರವಾಗಿ ಜೊತೆಗಿಟ್ಟ ಕ್ಯಾಲ್ಸಿಯಂ ಲ್ಯಾಕ್ಟೇಟನ್ನು ಸುಣ್ಣದಕಲ್ಲಾಗಿಸುತ್ತವೆ, ನಿಜ. ಆದರೆ ಅದಕ್ಕೆ ವಾರಗಳೇ ಬೇಕು. ಬಿರುಕೂ ಒಂದು ಮಿ.ಮೀ.ಗಿಂತ ಕಿರಿದಾಗಿರಬೇಕು. ಬೀಜಾಣುಗಳನ್ನು ಹಾಗೆಯೇ ಬೆರೆಸಿದರೆ, ಕಾಂಕ್ರೀಟ್ ಗಟ್ಟಿಯಾಗುತ್ತ ರಂಧ್ರಗಳು ಕಿರಿದಾಗಿ ಕೆಲವೇ ತಿಂಗಳಲ್ಲಿ ಆ ಬೀಜಾಣುಗಳು ನಶಿಸುತ್ತವೆ. ಅವನ್ನು ಹಗುರ ಜೇಡಿಮಣ್ಣಿನ ಗುಳಿಗೆಗಳಲ್ಲಿ ತುಂಬಿದರೆ ಕಾಂಕ್ರೀಟಿನ ಬಲ ತಗ್ಗುತ್ತದೆ. ಕಡಲ ಉಪ್ಪಿಗೆ ತುಕ್ಕು ಹಿಡಿದು ಉಬ್ಬಿದ, ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನಂತೂ ಯಾವ ಜೀವಾಣುವೂ ಸರಿಪಡಿಸದು. ಅಲ್ಲಿ ಸಡಿಲ ಕಾಂಕ್ರೀಟ್ ಕೆತ್ತಿ, ತುಕ್ಕು ಉಜ್ಜಿ, ಪಾಲಿಮರ್ ಗಾರೆ ಹಚ್ಚುವುದೇ ದಾರಿ. ಪಾಲಿಕೆಯು ಬ್ಯಾಕ್ಟೀರಿಯಾ ಕಾಂಕ್ರೀಟನ್ನು ಮೊದಲು ಹೊಸ ನೀರಿನ ಟ್ಯಾಂಕೊಂದರ ಗೋಡೆಯಲ್ಲಿ ಬಳಸಿ, ಎರಡು ವರ್ಷ ಸೋರಿಕೆ ಅಳೆದ ಮೇಲಷ್ಟೇ ಟೆಂಡರ್ ಕರೆಯಲಿ.

– ಓರ್ವ ಸಿವಿಲ್ ಎಂಜಿನಿಯರ್, ಡೊಂಬಿವಲಿ