ತಮ್ಮ ಮನೆಗೆ ಬಂದ: ಬರ್ಲಿನ್‌ನ ಆ ಅಜ್ಜನಿಗೂ ನಿಮ್ಮೆಲ್ಲರಿಗೂ

ಬರ್ಲಿನ್‌ನಲ್ಲಿ ಓದುತ್ತಿದ್ದಾಗ ಕಾಣೆಯಾಗಿದ್ದ, ನಾನು ಅಲ್ಲಿಗೇ ಹೋಗಿ ಹುಡುಕಿದ ನನ್ನ ತಮ್ಮ ಮನೆಗೆ ಬಂದಿದ್ದಾನೆ. ರಾತ್ರಿ ನಿದ್ದೆ ಮಾಡುತ್ತಿದ್ದಾನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾನೆ, ಮಾತ್ರೆ ತಪ್ಪಿಸುತ್ತಿಲ್ಲ. ಅವನಿಗೆ ಏನಾಗಿತ್ತು, ಯಾಕೆ ಯಾರಿಗೂ ಹೇಳದೆ ಹೊರಟುಹೋದ ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಅದನ್ನು ಹೇಳುವುದು ಬಿಡುವುದು ಅವನಿಗೆ ಬಿಟ್ಟಿದ್ದು. ಇದನ್ನು ಬರೆದ ಮೇಲೆ ಮೊದಲು ಅವನಿಗೇ ಓದಿ ಹೇಳಿದೆ. ಒಂದು ಪ್ಯಾರಾ ಬೇಡ ಅಂದ, ತೆಗೆದಿದ್ದೇನೆ. ಉಳಿದದ್ದು ಇರಲಿ ಅಂದ.

ಟಿಕೆಟ್‌ಗೆ ದುಡ್ಡು ಹೊಂದಿಸಿದವರು, ರಜೆ ಕೊಟ್ಟ ಆಫೀಸಿನವರು, ಅಮ್ಮನ ಜೊತೆ ರಾತ್ರಿ ಮಲಗಲು ಬರುತ್ತಿದ್ದ ಚಿಕ್ಕಮ್ಮ, ಬರ್ಲಿನ್‌ನಲ್ಲಿ ತಮ್ಮ ಮನೆಯ ಸೋಫಾ ಬಿಟ್ಟುಕೊಟ್ಟ ತಮ್ಮನ ಹಳೇ ಕ್ಲಾಸ್‌ಮೇಟ್ ದಂಪತಿ, ಕಳೆದುಹೋದ ಪಾಸ್‌ಪೋರ್ಟ್‌ಗೆ ಬದಲು ಊರಿಗೆ ಮರಳುವುದಕ್ಕೆಂದು ಎಮರ್ಜೆನ್ಸಿ ಸರ್ಟಿಫಿಕೇಟ್ ಮಾಡಿಕೊಟ್ಟ ನಮ್ಮ ರಾಯಭಾರ ಕಚೇರಿಯ ಸಿಬ್ಬಂದಿ, ಎಲ್ಲರಿಗೂ ಕೈ ಮುಗಿಯುತ್ತೇನೆ. ನಿಮ್ಮಲ್ಲಿ ಒಬ್ಬರು ಕಡಿಮೆಯಾಗಿದ್ದರೂ ನಾವು ಇಲ್ಲಿಗೆ ಬಂದು ಮುಟ್ಟುತ್ತಿರಲಿಲ್ಲ.

ಆದರೆ ಈ ಬರಹದ ದೊಡ್ಡ ಪಾಲು ಒಬ್ಬರಿಗೇ ಸಲ್ಲಬೇಕು. ಎಪ್ಪತ್ತು ದಾಟಿದವರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. ನಾನು ಅವರನ್ನು ಅಜ್ಜ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಬರ್ಲಿನ್‌ಗೆ ಹೋದ ಮೇಲೆ ನಾನು ಎಲ್ಲೆಲ್ಲಿ ಹುಡುಕಿದೆ ಅನ್ನೋದು ನಿಮಗೆ ಗೊತ್ತೇ ಇದೆ. ಆಸ್ಪತ್ರೆಗಳು, ಹಾಸ್ಟೆಲ್‌ಗಳು, ಅವನ ಯೂನಿವರ್ಸಿಟಿಯ ಲೈಬ್ರರಿ, ಭಾರತದವರ ಅಂಗಡಿಗಳು. ಊರನ್ನು ಸುತ್ತುವ ರಿಂಗ್‌ಬಾನ್ ರೈಲಿನಲ್ಲೂ ಕೂತೆ. ಅದು 37 ಕಿಲೋಮೀಟರ್ ದಾರಿ, ಒಂದು ಸುತ್ತಿಗೆ ಒಂದು ಗಂಟೆ. ಎಲ್ಲೂ ಕೊನೇ ಸ್ಟೇಷನ್ ಇಲ್ಲದ ಸಾಲು ಅದು. ಚಳಿಗೆ ಮನೆಯಿಲ್ಲದವರು ಅದರಲ್ಲೇ ಸುತ್ತುತ್ತಾ ನಿದ್ದೆ ಮಾಡುತ್ತಾರೆ. ಟೋಪಿ ಎಳೆದುಕೊಂಡು ಮಲಗಿದ್ದ ಪ್ರತಿಯೊಬ್ಬರ ಮುಖವನ್ನೂ ನೋಡಿದೆ. ಅವನಿರಲಿಲ್ಲ ಅಂತ ಪ್ರತಿ ಸಲವೂ ಸಮಾಧಾನವಾಗುತ್ತಿತ್ತು. ಹುಡುಕಲು ಬಂದವಳಿಗೆ ಸಿಗದಿದ್ದರೆ ಸಮಾಧಾನ! ಅದು ಯಾಕೆ ಅಂತ ಆಗ ಯೋಚಿಸುವಷ್ಟು ತಲೆ ನಿಂತಿರಲಿಲ್ಲ.

ಅಷ್ಟರಲ್ಲಿ ಪೊಲೀಸರಿಂದ ಸುದ್ದಿ ಬಂತು. ಸಿಕ್ಕಿದ್ದಾನೆ, ಜೀವಕ್ಕೇನೂ ತೊಂದರೆಯಿಲ್ಲ, ಆದರೆ ಎಲ್ಲಿದ್ದಾನೆ ಅಂತ ಮನೆಯವರಿಗೆ ತಿಳಿಸಲು ಅವನು ಒಪ್ಪಿಲ್ಲ. ಅಲ್ಲಿನ ಕಾನೂನು ಹಾಗಿದೆ. ವಯಸ್ಸಿಗೆ ಬಂದ, ಸ್ವಂತ ತೀರ್ಮಾನ ಮಾಡಬಲ್ಲ ವ್ಯಕ್ತಿ ತಾನು ಎಲ್ಲಿರಬೇಕು ಅನ್ನೋದನ್ನು ತಾನೇ ನಿರ್ಧರಿಸಬಹುದು. ಅವನು ಒಪ್ಪದೆ ಹೆತ್ತವರಿಗೂ ವಿಳಾಸ ಕೊಡುವುದಿಲ್ಲ. ಫೋನ್ ಇಟ್ಟ ಮೇಲೆ ರಸ್ತೆಯಲ್ಲೇ ಕೂತುಬಿಟ್ಟೆ. ಬದುಕಿದ್ದಾನೆ. ನಾನು ಬೇಡ ಅಂದಿದ್ದಾನೆ. ಎರಡನ್ನೂ ಒಟ್ಟಿಗೆ ನುಂಗಬೇಕಿತ್ತು.

ಬರ್ಲಿನ್‌ನ ಝೂ ರೈಲು ನಿಲ್ದಾಣದ ಹಿಂಭಾಗದ ಬೀದಿಯಲ್ಲಿ ಮನೆಯಿಲ್ಲದವರಿಗೆ ಊಟ ಕೊಡುತ್ತಾರೆ, ಆ ಕಡೆ ಅವನಂಥವನನ್ನು ನೋಡಿದೆ ಎಂದು ಕ್ಲಾಸ್‌ಮೇಟ್ ಹೇಳಿದಾಗ ನಾನು ಒಪ್ಪಲಿಲ್ಲ. ನಮ್ಮ ಮನೆ ಹುಡುಗ ಅಲ್ಲಿ ಯಾಕೆ ಇರುತ್ತಾನೆ? ಆದರೂ ಹೋದೆ. ರಸ್ತೆಯ ಎದುರು ಬದಿಯಲ್ಲಿ ನಿಂತು ಆ ಸಾಲು ನೋಡಿದೆ. ಚಕ್ರದ ಸೂಟ್‌ಕೇಸ್, ಪ್ಲಾಸ್ಟಿಕ್ ಚೀಲ, ನಾಯಿ ಕಟ್ಟಿಕೊಂಡವರು, ತೇಪೆ ಹಾಕಿದ ಜಾಕೆಟ್, ಒಬ್ಬಾಕೆಯ ತುಟಿಗೆ ನೀಟಾಗಿ ಹಚ್ಚಿದ ಲಿಪ್‌ಸ್ಟಿಕ್. ವಾಪಸ್ ಬಂದುಬಿಟ್ಟೆ. ಮರುದಿನವೂ ಹೋಗಿ ಅಲ್ಲಿಂದಲೇ ವಾಪಸ್. ವಾಸನೆ, ಕುಡಿದವರು, ಗೊತ್ತಿಲ್ಲದ ಭಾಷೆ, ಒಂಟಿ ಹೆಂಗಸು, ಹೀಗೆ ನೆಪಗಳು ಬೇಕಾದಷ್ಟಿದ್ದವು. ನಿಜವಾದ ಭಯ ಬೇರೆ. ಒಳಗೆ ಹೋದರೆ ಅವನು ಸಿಕ್ಕಿಬಿಡುತ್ತಾನೆ ಅನ್ನೋ ಭಯ. ಸಿಕ್ಕಿದರೆ ಅಮ್ಮನಿಗೆ ಹೇಗೆ ಹೇಳೋದು? ನೆಂಟರಿಗೆ ಏನು ಹೇಳೋದು?

ಅಜ್ಜ ಸಿಕ್ಕಿದ್ದು ಅಲ್ಲೇ. ಬೀದಿ ದಾಟಿ ಅವರೇ ನನ್ನ ಹತ್ತಿರ ಬಂದರು. ತೋಳಿಲ್ಲದ ನೀಲಿ ಜಾಕೆಟ್ ಹಾಕಿದ್ದರು. ನಿನ್ನೆಯೂ ನಿಂತಿದ್ದೆಯಲ್ಲ, ಚಳಿ ಜಾಸ್ತಿ, ಒಳಗೆ ಬಾ, ಟೀ ಕುಡಿ ಅಂದರು. ಇಂಗ್ಲಿಷ್ ಸ್ವಲ್ಪ, ಫೋನ್‌ನಲ್ಲಿ ಅನುವಾದ ಸ್ವಲ್ಪ, ಕೈಸನ್ನೆ ಜಾಸ್ತಿ. ನಮ್ಮ ಮಾತೆಲ್ಲ ಕೊನೆಯವರೆಗೂ ಹೀಗೇ ನಡೆಯಿತು.

ಅದು ಬಾನ್‌ಹೋಫ್ಸ್‌ಮಿಸ್ಸಿಯೋನ್ ಅನ್ನೋ ಸಂಸ್ಥೆ. ಜರ್ಮನಿಯ ನೂರಕ್ಕೂ ಹೆಚ್ಚು ರೈಲು ನಿಲ್ದಾಣಗಳಲ್ಲಿದೆ. ಶುರುವಾಗಿದ್ದು 1894ರಲ್ಲಿ, ಬರ್ಲಿನ್‌ನಲ್ಲೇ. ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ರೈಲಿಳಿಯುತ್ತಿದ್ದ ಹುಡುಗಿಯರು ಮೋಸಗಾರರ ಕೈಗೆ ಸಿಗಬಾರದು ಅಂತ ಚರ್ಚಿನವರು ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದರಂತೆ. ಇವತ್ತು ರೈಲು ತಪ್ಪಿದವರಿಂದ ಹಿಡಿದು ಮನೆಯೇ ಇಲ್ಲದವರವರೆಗೆ ಎಲ್ಲರಿಗೂ ಅದೇ ಬಾಗಿಲು. ಅಜ್ಜ ಇದನ್ನೆಲ್ಲ ಹೇಳಿದ್ದು ನನ್ನನ್ನು ಕೂರಿಸಿಕೊಳ್ಳಲು ಅಂತ ಈಗ ಗೊತ್ತಾಗುತ್ತದೆ. ಕಪ್ ಖಾಲಿಯಾಗುವ ಹೊತ್ತಿಗೆ ನಾನು ಒಳಗೆ ಕೂತು ಅರ್ಧ ಗಂಟೆಯಾಗಿತ್ತು.

ಫೋಟೋ ತೋರಿಸಿದೆ. ಅವರು ನೋಡಲಿಲ್ಲ. ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲಾಗಿ ಇಟ್ಟರು. ಇಲ್ಲಿಗೆ ಯಾರು ಬರುತ್ತಾರೆ ಅಂತ ನಾವು ಯಾರಿಗೂ ಹೇಳುವುದಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ, ಹೇಳಿದರೆ ನಾಳೆಯಿಂದ ಅವರು ಬರುವುದಿಲ್ಲ ಅಂದರು. ಸಿಟ್ಟು ಬಂತು. ಕೂಗಾಡಿದೆ ಕೂಡ. ಅವರು ಪೇಪರ್, ಪೆನ್ ತಂದಿಟ್ಟರು. ಪತ್ರ ಬರಿ, ಅವನು ಬಂದರೆ, ಅವನಿಗೆ ಬೇಕೆನಿಸಿದರೆ ತೆಗೆದುಕೊಳ್ಳುತ್ತಾನೆ.

ನಾಲ್ಕು ಪುಟ ಬರೆದೆ. ಅಮ್ಮನ ಅಳು, ಅಪ್ಪನ ಬಿ.ಪಿ., ಸಾಲ, ಮರ್ಯಾದೆ, ಎಲ್ಲ ಬಂತು. ಏನು ಬರೆದೆ ಅಂತ ಅಜ್ಜ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಇದನ್ನು ಓದಿದವನು ನಿನ್ನ ಹತ್ತಿರ ಬರುತ್ತಾನಾ, ಇನ್ನೂ ದೂರ ಓಡುತ್ತಾನಾ ಅಂತ ಕೇಳಿದರು. ಆ ನಾಲ್ಕು ಪುಟ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಹೊಸ ಹಾಳೆಯಲ್ಲಿ ಬರೆದಿದ್ದು ಇಷ್ಟೇ: ನಾನು ಬರ್ಲಿನ್‌ನಲ್ಲಿದ್ದೇನೆ ಕಣೋ. ಒಬ್ಬಳೇ ಬಂದಿದ್ದೇನೆ. ಬೈಯಲ್ಲ, ಏನೂ ಕೇಳಲ್ಲ. ಇದು ನನ್ನ ನಂಬರ್. ನಿನಗೆ ಬೇಕೆನಿಸಿದಾಗ ಫೋನ್ ಮಾಡು, ಅಕ್ಕ.

ಆಮೇಲಿನದು ಆ ರಾತ್ರಿ. ಸೊನ್ನೆಗಿಂತ ಬಹಳ ಕೆಳಗೆ ಹೋಗಿದ್ದ ಚಳಿ. ಬರ್ಲಿನ್‌ನಲ್ಲಿ 1989ರಿಂದ ಕೆಲ್ಟೆಹಿಲ್ಫೆ ಅನ್ನೋ ವ್ಯವಸ್ಥೆ ಇದೆ. ಚಳಿಗಾಲ ಪೂರ್ತಿ ಚರ್ಚುಗಳು, ಸೇವಾಸಂಸ್ಥೆಗಳು ಸೇರಿ ರಾತ್ರಿ ಶೆಲ್ಟರ್‌ಗಳನ್ನು ನಡೆಸುತ್ತವೆ. ಕಾಗದಪತ್ರ ಬೇಡ, ದುಡ್ಡು ಬೇಡ. ಸಂಜೆ ಬಾಗಿಲು ತೆಗೆಯುತ್ತಾರೆ, ಬೆಳಿಗ್ಗೆ ಎಲ್ಲರೂ ಹೊರಡಬೇಕು. ನಡೆದು ಬರಲಾಗದವರನ್ನು ಕೆಲ್ಟೆಬಸ್ ಅನ್ನೋ ವ್ಯಾನ್ ಹುಡುಕಿಕೊಂಡು ಹೋಗುತ್ತದೆ. ಮೊದಲು ಕೇಳುತ್ತಾರೆ, ಬರುತ್ತೀಯಾ ಅಂತ. ಒಲ್ಲೆ ಅಂದರೆ ಟೀ, ಸ್ಲೀಪಿಂಗ್ ಬ್ಯಾಗ್ ಕೊಟ್ಟು ಬರುತ್ತಾರೆ. ಅಜ್ಜ ವಾರದಲ್ಲಿ ಕೆಲವು ರಾತ್ರಿ ಅಂಥದ್ದೊಂದು ಶೆಲ್ಟರ್‌ನಲ್ಲಿ ಕೆಲಸ ಮಾಡುತ್ತಿದ್ದರು. ಹುಡುಕಲು ಬರಬೇಡ, ಟೀ ಕೊಡಲು ಬಾ ಎಂದು ಕರೆದರು. ಅಲ್ಲಿನ ಮೇಲ್ವಿಚಾರಕರ ಹತ್ತಿರ ಮೊದಲೇ ಮಾತಾಡಿ ಒಪ್ಪಿಸಿದ್ದರು.

ಹೋಗುವ ಮನಸ್ಸು ನನಗಿರಲಿಲ್ಲ. ಬಾಗಿಲ ಹತ್ತಿರ ಕಾಲು ಕಿತ್ತಿಡಲಾಗಲಿಲ್ಲ. ಅಜ್ಜ ಅವಸರ ಮಾಡಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಪಕ್ಕದಲ್ಲಿ ನಿಂತರು. ಅವರ ಮೂಗು ಕೆಂಪಾಗಿತ್ತು, ಕೈ ಉಜ್ಜಿಕೊಳ್ಳುತ್ತಿದ್ದರು, ಆದರೂ ಒಳಗೆ ಹೋಗಲಿಲ್ಲ. ನಾನು ಹೆಜ್ಜೆ ಇಟ್ಟ ಮೇಲೆ ಅವರು ಇಟ್ಟರು.

ಕಪ್ಪಿಗೆ ಮುಕ್ಕಾಲು ಭಾಗ ಮಾತ್ರ ಹುಯ್ಯಬೇಕು ಅಂತ ಹೇಳಿಕೊಟ್ಟರು. ಚಳಿಯಿಂದ ಬಂದವರ ಕೈ ನಡುಗುತ್ತದೆ, ತುಂಬಿಸಿದರೆ ಮೈಮೇಲೆ ಚೆಲ್ಲಿಕೊಳ್ಳುತ್ತಾರೆ. ಸಕ್ಕರೆ ಎಷ್ಟು ಅಂತ ಮುಖ ನೋಡಿ ಕೇಳಬೇಕು. ಬಹಳ ಜನ ಐದಾರು ಚಮಚ ಅನ್ನುತ್ತಾರೆ, ಹುಬ್ಬೇರಿಸಬಾರದು. ನನ್ನ ಮುಂದೆ ಒಬ್ಬ ಮುದುಕ ಬೆಂಚಿನ ಮೇಲೆ ಕೂತು ಶೂ ಬಿಚ್ಚಲು ಒದ್ದಾಡುತ್ತಿದ್ದ. ಲೇಸ್ ನೆನೆದು ಗಂಟು ಬಿಗಿದುಕೊಂಡಿತ್ತು. ಅಜ್ಜ ಅವನ ಮುಂದೆ ಮಂಡಿಯೂರಿ, ಚಮಚದ ಹಿಡಿಯನ್ನು ಗಂಟಿನೊಳಗೆ ತೂರಿಸಿ, ಒಂದೊಂದೇ ಸುತ್ತು ಸಡಿಲ ಮಾಡಿದರು. ಕತ್ತರಿಸಬಹುದಿತ್ತು. ನಾಳೆ ಬೆಳಿಗ್ಗೆ ಅವನಿಗೆ ಅದೇ ಲೇಸ್ ಬೇಕಲ್ವಾ ಅಂದರು. ಒದ್ದೆ ಸಾಕ್ಸ್ ತೆಗೆದಾಗ ಕಾಲು ಬಿಳಿಚಿಕೊಂಡು ಸುಕ್ಕುಗಟ್ಟಿತ್ತು. ನಾನು ಮುಖ ತಿರುಗಿಸಿದೆ. ಅಜ್ಜ ಟವೆಲ್‌ನಿಂದ ಬೆರಳ ಸಂದಿಯನ್ನೆಲ್ಲ ಒರೆಸಿ ಒಣ ಸಾಕ್ಸ್ ಹಾಕಿದರು.

ಬಾಗಿಲು ತೆರೆದಾಗಲೆಲ್ಲ ಅವನೇ ಅಂತ ನೋಡುತ್ತಿದ್ದೆ. ರಾತ್ರಿ ಬಹಳ ಹೊತ್ತಾದ ಮೇಲೆ ತಮ್ಮನಷ್ಟೇ ಎತ್ತರದ, ಅವನಂತೆಯೇ ಭುಜ ಬಾಗಿಸಿ ನಡೆಯುವ ಹುಡುಗ ಬಂದ. ಹೆಸರು ಹಿಡಿದು ಕೂಗಿಬಿಟ್ಟೆ. ತಿರುಗಿದ. ಅವನಲ್ಲ.

ಹೊರಗೆ ಓಡಿ ಗೋಡೆಗೊರಗಿ ಅತ್ತೆ. ಇವತ್ತು ಈ ಚಳಿಯಲ್ಲಿ ಅವನು ಶೆಲ್ಟರ್‌ನಲ್ಲಿದ್ದರೆ ಸಾಕು ದೇವರೇ, ಯಾವುದಾದರೂ ಶೆಲ್ಟರ್‌ನಲ್ಲಿ ಇರಲಿ ಅಂತ ಬೇಡಿಕೊಂಡೆ. ಇಂಥ ಜಾಗದಲ್ಲಿ ಇರದಿರಲಿ ಅಂತ ಅಷ್ಟು ದಿನ ಬೇಡಿಕೊಂಡಿದ್ದವಳು ನಾನೇ. ಅಜ್ಜ ನನ್ನ ಕೋಟು ತಂದು ಹೊದಿಸಿದರು. ಬೆಳಗಿನ ಜಾವದವರೆಗೂ ಅವರು ನನ್ನನ್ನು ಒಬ್ಬಳೇ ಬಿಡಲಿಲ್ಲ. ಅವರ ಪಾಳಿ ಅದಕ್ಕೂ ಎಷ್ಟೋ ಮೊದಲೇ ಮುಗಿದಿತ್ತು ಅಂತ ಆಮೇಲೆ ಬೇರೆಯವರಿಂದ ಗೊತ್ತಾಯಿತು.

ಮತ್ತೆ ಮತ್ತೆ ಹೋದೆ. ಟೀ ಹುಯ್ದೆ, ಹಾಸಿಗೆ ಮಡಚಿದೆ. ಆ ಲೇಸಿನ ಮುದುಕ ನನ್ನನ್ನು ಗುರುತು ಹಿಡಿದು ಕೈ ಎತ್ತಲು ಶುರು ಮಾಡಿದ. ಬೀದಿಯಲ್ಲಿ ಖಾಲಿ ಬಾಟಲಿಗಳನ್ನು ಜನ ಯಾಕೆ ಕಸದ ಡಬ್ಬಿಯ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ ಅಂತ ಹೇಳಿಕೊಟ್ಟಿದ್ದೂ ಅವನೇ. ಅಂಗಡಿಗೆ ವಾಪಸ್ ಕೊಟ್ಟರೆ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಸಿಗುತ್ತದೆ. ಆಯುವವರು ಡಬ್ಬಿಯೊಳಗೆ ಕೈ ಹಾಕಬೇಕಾಗಿ ಬರಬಾರದು ಅಂತ ಹೊರಗಿಡುತ್ತಾರೆ. 2020ರ ಜನವರಿಯಲ್ಲಿ ಬರ್ಲಿನ್ ಮೊದಲ ಸಲ ಒಂದೇ ರಾತ್ರಿ ಮನೆಯಿಲ್ಲದವರನ್ನು ಎಣಿಸಿತ್ತು. ಬೀದಿಯಲ್ಲೂ ಶೆಲ್ಟರ್‌ಗಳಲ್ಲೂ ಸೇರಿ 1,976 ಜನ ಸಿಕ್ಕರು. ಎಣಿಕೆಗೆ ಸಿಗದವರೂ ಇದ್ದರು ಅಂತ ಅಲ್ಲಿ ಕೆಲಸ ಮಾಡುವವರೆಲ್ಲ ಹೇಳುತ್ತಾರೆ. ಅವರಲ್ಲಿ ಪ್ರತಿಯೊಬ್ಬರಿಗೂ ಎಲ್ಲೋ ಒಬ್ಬ ಅಕ್ಕ ಇರಬಹುದು, ಇಲ್ಲದೆಯೂ ಇರಬಹುದು. ಆ ಯೋಚನೆ ಈಗಲೂ ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಅಕ್ಕಾ, ಊಟ ಆಯ್ತಾ?" ಅಂದ. ಆಯ್ತು ಕಣೋ, ನಿಂದು? ಅಂದೆ. ಅಷ್ಟೇ ಮಾತಾಡಿದ್ದು. ಏನೂ ಕೇಳಲ್ಲ ಅಂತ ಬರೆದಿದ್ದೆನಲ್ಲ, ಕೇಳಲಿಲ್ಲ. ಮರುದಿನ ಮತ್ತೆ ಮಾಡಿದ. ಮುಂದಿನದೆಲ್ಲ ನಿಮಗೆ ಗೊತ್ತು. ಪತ್ರ ಯಾವಾಗ ಅವನ ಕೈಸೇರಿತು ಅಂತ ಅಜ್ಜ ಇವತ್ತಿನವರೆಗೂ ನನಗೆ ಹೇಳಿಲ್ಲ. ಅಂದು ಅವರ ಮೇಲೆ ಕೂಗಾಡಿದ್ದ ಅದೇ ನಿಯಮವನ್ನು ಈಗ ನೆನೆಸಿಕೊಂಡರೆ ಕಣ್ಣು ತುಂಬುತ್ತದೆ. ಅಲ್ಲಿ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ ಅಂತ ನಂಬಿದ್ದರಿಂದಲೇ ತಮ್ಮ ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದ. ಇದನ್ನು ಅವನೇ ಹೇಳಿದ.

ಏನಾದರೂ ಸಹಾಯ ಬೇಕಾ ಅಂತ ನೀವು ಈಗಲೂ ಕೇಳುತ್ತಿದ್ದೀರಿ. ನಮಗೆ ಸದ್ಯಕ್ಕೆ ಏನೂ ಬೇಡ. ಚಳಿಗಾಲದಲ್ಲಿ ಆ ಕಡೆ ಹೋಗುವವರಿದ್ದರೆ ಗಂಡಸರ ದಪ್ಪ ಜಾಕೆಟ್, ಹೊಸ ಒಳಉಡುಪು, ಉಣ್ಣೆ ಸಾಕ್ಸ್ ಒಯ್ಯಿರಿ. ಬಟ್ಟೆ ಕೊಡುವವರು ಹೆಂಗಸರ ಬಟ್ಟೆ ಜಾಸ್ತಿ ತರುತ್ತಾರೆ, ಬರುವವರಲ್ಲಿ ಗಂಡಸರೇ ಜಾಸ್ತಿ. ಏನು ಬೇಕು ಅಂತ ಮೊದಲು ಕೇಳಿಕೊಂಡು ಹೋದರೆ ಇನ್ನೂ ಒಳ್ಳೆಯದು. ಮನೆಗೂ ಬನ್ನಿ. ತಮ್ಮನ ಹತ್ತಿರ ಬರ್ಲಿನ್ ವಿಷಯ ನೀವಾಗಿ ಎತ್ತಬೇಡಿ, ಅವನಾಗಿ ಹೇಳಿದರೆ ಕೇಳಿ.

ಅಜ್ಜ, ಇದನ್ನು ಕ್ಲಾಸ್‌ಮೇಟ್ ನಿಮಗೆ ಓದಿ ಹೇಳುತ್ತಾರೆ. ನಿಮ್ಮನ್ನು ನೋಡಲೇಬೇಕು ಅಂತ ಅಮ್ಮ ಹಠ ಹಿಡಿದಿದ್ದಾಳೆ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದೇವೆ. ಚಳಿಗಾಲದಲ್ಲಿ ಬೇಡಮ್ಮ ಅಂದರೆ, ಚಳಿಗಾಲದಲ್ಲೇ ತಾನೇ ಅವರಿಗೆ ಕೈ ಬೇಕಾಗೋದು ಅನ್ನುತ್ತಾಳೆ. ಟೀ ಎಷ್ಟು ಹುಯ್ಯಬೇಕು ಅಂತ ಅವಳಿಗೆ ಹೇಳಿಕೊಟ್ಟಿದ್ದೇನೆ.