ಫೀಡ್‌ಬ್ಯಾಕ್ ನೋಡಿ ಪಾಠದ ರೀತಿ ಬದಲಿಸಬೇಡ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

"ಮೇಡಂ ಪಾಠ ಮಾಡಲ್ಲ, ಎಲ್ಲಾ ನಮ್ಮ ಕೈಲೇ ಮಾಡಿಸ್ತಾರೆ" ಅಂತ ನಿನ್ನ ಬಿಎಸ್ಸಿ ಮಕ್ಕಳು ಫೀಡ್‌ಬ್ಯಾಕ್‌ನಲ್ಲಿ ಬರೆದುಕೊಟ್ಟರಂತೆ. ಇನ್ನು ಮೇಲೆ ಸುಮ್ನೆ ನೋಟ್ಸ್ ಹೇಳಿ ಬಂದುಬಿಡ್ತೀನಿ ಅಂತ ನೀನು ಅಂದೆ. ಬೇಡ ಮಗಳೇ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ, ನಿನ್ನ ವಿಷಯವಾದ ಫಿಸಿಕ್ಸ್‌ನ ತರಗತಿಗಳಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2019ರಲ್ಲಿ ಪ್ರಕಟವಾಯಿತು. ಒಂದು ಗುಂಪು ಚೆನ್ನಾಗಿ ಪಾಠ ಮಾಡುವವರ ಉಪನ್ಯಾಸ ಕೇಳಿತು. ಇನ್ನೊಂದು ಗುಂಪು ಅದೇ ಪಾಠದ ಲೆಕ್ಕಗಳನ್ನು ಜೊತೆಗೂಡಿ ಬಿಡಿಸಿತು. ಟೆಸ್ಟ್‌ನಲ್ಲಿ ಜಾಸ್ತಿ ಅಂಕ ಬಂದದ್ದು ಲೆಕ್ಕ ಬಿಡಿಸಿದವರಿಗೆ. ಆದರೆ "ಚೆನ್ನಾಗಿ ಕಲಿತೆವು" ಅಂದವರು ಉಪನ್ಯಾಸ ಕೇಳಿದವರು! ತಡವರಿಸಿ ಕಲಿಯುವಾಗ ಏನೂ ಬರ್ತಿಲ್ಲ ಅನ್ನಿಸುತ್ತೆ. ನಿನ್ನ ಮಕ್ಕಳು ಸುಳ್ಳು ಬರೆದಿಲ್ಲ, ಅವರಿಗೆ ಅನ್ನಿಸಿದ್ದನ್ನೇ ಬರೆದಿದ್ದಾರೆ.

ಇದು ಒಂದು ಕಾಲೇಜಿನ ಮಾತಲ್ಲ. 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲು. ಮಕ್ಕಳೇ ಕೈಹಚ್ಚಿ ಕಲಿತ ಕಡೆ ಸುಮಾರು 22. ಆ 12 ಮಕ್ಕಳ ಮನೆಯವರನ್ನು ನೆನೆಸಿಕೋ.

ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1991ರಿಂದ ಮಾಡುತ್ತಾ ಬಂದ ಕ್ರಮ ನಿನಗೆ ಸುಲಭ. ಒಂದು ಪ್ರಶ್ನೆ ಹಾಕು. ಮೇಲಕ್ಕೆ ಎಸೆದ ಚೆಂಡು ತುದಿ ಮುಟ್ಟಿದ ಗಳಿಗೆಯಲ್ಲಿ ಅದರ ಮೇಲೆ ಬಲ ಇದೆಯಾ, ಇಲ್ಲವಾ? ಮೊದಲು ಮಾತಿಲ್ಲದೆ ಪ್ರತಿಯೊಬ್ಬರೂ ಕೈ ಎತ್ತಿ ಉತ್ತರ ಹೇಳಲಿ. ನೂರಕ್ಕೆ 30ರಿಂದ 70 ಮಂದಿ ಸರಿ ಹೇಳಿದರೆ ಪಕ್ಕದವರ ಜೊತೆ ವಾದ ಮಾಡಲು ಬಿಡು, ಆಮೇಲೆ ಮತ್ತೆ ಕೈ ಎತ್ತಿಸು. ಅದಕ್ಕಿಂತ ಕಡಿಮೆ ಬಂದರೆ ನೀನೇ ಇನ್ನೊಮ್ಮೆ ವಿವರಿಸು. ವಿವರಿಸುವುದನ್ನೇ ಬಿಡು ಅಂತ ಯಾರೂ ಹೇಳಿಲ್ಲ.

ಆ ವಾದ ಕನ್ನಡದಲ್ಲೇ ನಡೆಯಲಿ. ಹಳ್ಳಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಇಂಗ್ಲಿಷ್‌ನಲ್ಲಿ ಕೈ ಎತ್ತಿ ಡೌಟ್ ಕೇಳೋದು ಎಷ್ಟು ಕಷ್ಟ, ನಿನಗೆ ಗೊತ್ತಲ್ವಾ? ಪಕ್ಕದವಳ ಹತ್ತಿರ ಅವಳು ಕೇಳ್ತಾಳೆ.

ಇನ್ನೊಂದು ಮಾತು. ಯಾಕೆ ಹೀಗೆ ಮಾಡಿಸ್ತೀಯ ಅನ್ನೋದನ್ನು ಸೆಮಿಸ್ಟರ್ ಶುರುವಲ್ಲೇ ಮಕ್ಕಳಿಗೆ ಹೇಳು, ಹಾರ್ವರ್ಡ್ ಕಥೆಯ ಸಮೇತ. ಈ ಸಲ ಹೇಳಿಲ್ಲವಾದರೆ ಸೋಮವಾರವೇ ಹೇಳು. ಇಂಟರ್ನಲ್ಸ್ ಮುಗಿದ ಮೇಲೆ ಫೀಡ್‌ಬ್ಯಾಕ್ ಪಕ್ಕದಲ್ಲಿ ಮಾರ್ಕ್ಸ್ ಪಟ್ಟಿಯನ್ನೂ ಇಟ್ಟು ನೋಡಿ, ನನಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ