ಪೆಟ್ಟಿಗೆಯ ಮೇಲೊಂದು ಚೀಟಿ ಅಂಟಿಸಿ

ಮಾನ್ಯರೇ,

ಮಗಳ ಎಂಜಿನಿಯರಿಂಗ್ ಓದಿಗೆ ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದೆ. ಪ್ರೊಸೆಸರ್ ಕಂಪನಿ ಎಎಂಡಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಮದರ್‌ಬೋರ್ಡ್ ಅಗ್ಗವಿತ್ತು. 2017ರ ಮೊದಲ ರೈಜನ್ ಪ್ರೊಸೆಸರ್‌ಗೂ 2022ರ 5800ಎಕ್ಸ್3ಡಿಗೂ ಒಗ್ಗಿದ ಸಾಕೆಟ್ ಅದು, ಆದರೆ ಹಳೆಯ ಪೀಳಿಗೆಯ ಡಿಡಿಆರ್4 ಮೆಮೊರಿಗೇ ನಿಂತಿತು. ಮುಂದೆ ಪ್ರೊಸೆಸರ್ ಮಾತ್ರ ಬದಲಿಸಿದರೆ ಸಾಕಾಗಲೆಂದು ಅದರ ಮುಂದಿನ ಸಾಕೆಟ್ ಎಎಂ5ಕ್ಕೇ ಹೋದೆ. ಕೊಂಡದ್ದು ರೈಜನ್ 9600ಎಕ್ಸ್ ಪ್ರೊಸೆಸರ್, ಬಿ650 ಬೋರ್ಡ್.

ಮಡಿಕೇರಿಗೆ ತಂದು ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪು. ಬೋರ್ಡ್ ಹಳೆಯ ದಾಸ್ತಾನು. 2024ರ ಪ್ರೊಸೆಸರನ್ನು ಗುರುತಿಸಲು ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ಅನ್ನು ನವೀಕರಿಸಬೇಕಿತ್ತು. ಮೈಸೂರಿನ ಅಂಗಡಿಯವರು ತುಟಿ ಬಿಚ್ಚಿರಲಿಲ್ಲ. ಪುಣ್ಯಕ್ಕೆ ಬೋರ್ಡಿನ ಹಿಂಬದಿಯಲ್ಲಿ ಬಯೋಸ್ ನವೀಕರಿಸುವ ಫ್ಲ್ಯಾಶ್‌ಬ್ಯಾಕ್ ಗುಂಡಿಯಿತ್ತು: ಪೆನ್‌ಡ್ರೈವ್‌ಗೆ ಹೊಸ ಬಯೋಸ್ ಫೈಲ್ ಹಾಕಿ, ಚುಚ್ಚಿ ಒತ್ತಿದರಾಯಿತು. ಆದರೆ ಆಟಿ ಮಳೆ, ಕರೆಂಟು ಕಣ್ಣುಮುಚ್ಚಾಲೆ ಆಡುವ ಕಾಲ! ನಡುವೆ ಹೋದರೆ ಬಯೋಸ್ ಕೆಡಬಹುದು. ಪಕ್ಕದ ಮನೆಯ ಯುಪಿಎಸ್ ಹೊತ್ತು ತಂದೆ. ಮಿಣುಕುತ್ತಿದ್ದ ಎಲ್‌ಇಡಿ ಆರುವವರೆಗೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಹೆಂಡತಿ ಮಿಕ್ಸಿ ಕೂಡ ಹಾಕಲಿಲ್ಲ.

ಬೋರ್ಡಿನಲ್ಲಿರುವ ಬಯೋಸ್ ಆವೃತ್ತಿಯನ್ನು ಪೆಟ್ಟಿಗೆಯ ಮೇಲೆ ಬರೆದು ಅಂಟಿಸಲು ವ್ಯಾಪಾರಿಗಳಿಗೆ ಏನು ಕಷ್ಟ? ಬೆಟ್ಟ ಇಳಿದು ಹತ್ತುವುದು ನಮಗೆ ಇಡೀ ದಿನದ ಕೆಲಸ.

– ಓದುಗ, ಮಡಿಕೇರಿ